ಕನ್ನಡ ಪಾಠಕ್ಕೆ ವರ್ಡ್ ಕ್ಲೌಡ್ ಮಾಡಿದೆ, ‘ಮತ್ತು’ ಎಲ್ಲಕ್ಕಿಂತ ದೊಡ್ಡದಾಗಿ ಬಂತು. ಇದರಿಂದ ನಿಜಕ್ಕೂ ಉಪಯೋಗ ಇದೆಯಾ?

ಕೆರೆದಂಡೆ_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಎಂಟು, ಒಂಬತ್ತು, ಹತ್ತು ಮೂರಕ್ಕೂ ನಾನೇ. ಹೋದ ತಿಂಗಳು ಒಂದು ತರಬೇತಿಯಲ್ಲಿ ವರ್ಡ್ ಕ್ಲೌಡ್ ತೋರಿಸಿದರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದು ಬರಹ ಕೊಟ್ಟರೆ ಅದರಲ್ಲಿ ಜಾಸ್ತಿ ಸಲ ಬಂದ ಪದ ದೊಡ್ಡ ಅಕ್ಷರದಲ್ಲಿ, ಕಡಿಮೆ ಬಂದದ್ದು ಸಣ್ಣದಾಗಿ, ಎಲ್ಲ ಒತ್ತೊತ್ತಾಗಿ ಮೋಡದ ಹಾಗೆ ಬರುತ್ತದೆ. ಅಲ್ಲಿ ಇಂಗ್ಲಿಷ್ ಪಾಠದ್ದು ತೋರಿಸಿದ್ದರು. ನೋಡಲು ಚೆನ್ನಾಗಿತ್ತು.

ಊರಿಗೆ ಬಂದವನೇ ಎಂಟನೇ ತರಗತಿಯ 34 ಮಕ್ಕಳಿಗೂ ‘ನಮ್ಮೂರ ಕೆರೆ’ ಅಂತ ಐದಾರು ಸಾಲು ಬರೆಯಲು ಹೇಳಿದೆ. ಎರಡು ರಾತ್ರಿ ಕೂತು ಎಲ್ಲವನ್ನೂ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದೆ. ವೆಬ್‌ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಬಾಲ ಎಲ್ಲ ಸೇರಿದ ಕಲಸುಮೇಲೋಗರ. ಪಕ್ಕದ ಶಾಲೆಯ ಕಂಪ್ಯೂಟರ್ ಗೊತ್ತಿರುವ ಸರ್ ಒಬ್ಬರು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಾಯಿಸಿ ಕೊಟ್ಟರು. ಆಗ ಕನ್ನಡ ಬಂತು, ಆದರೆ ಒತ್ತಕ್ಷರ ಎಲ್ಲ ಕಳಚಿಕೊಂಡು ಪಕ್ಕಕ್ಕೆ ನಿಂತಿದ್ದವು. ‘ಮತ್ತು’ ನಡುಮಧ್ಯೆ ಗಣೇಶನ ಹಾಗೆ ಕೂತಿತ್ತು. ಆಮೇಲೆ ‘ಇದೆ’, ‘ನಮ್ಮ’. ಕೆರೆ ಮಾತ್ರ ಚೂರುಚೂರು. ‘ಕೆರೆ’ ಒಂದು ಕಡೆ, ‘ಕೆರೆಗೆ’ ಇನ್ನೊಂದು ಕಡೆ, ‘ಕೆರೆಯಲ್ಲಿ’ ಮೇಲೆ, ‘ಕೆರೆಯನ್ನು’ ಮೂಲೆಯಲ್ಲಿ ತಲೆಕೆಳಗಾಗಿ. ಟಿವಿಯಲ್ಲಿ ತೋರಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, “ಸಾರ್, ನಮ್ಮೂರ ಕೆರೆ ಹೆಸರು ಮತ್ತು ಅಂತಾನಾ?” ಅವತ್ತಿನ ಪಿರಿಯಡ್ ಅಲ್ಲಿಗೆ ಮುಗಿಯಿತು.

ನನ್ನ ಪ್ರಶ್ನೆ ಇಷ್ಟೇ. ಇದು ಕನ್ನಡಕ್ಕೆ ಆಗಿಬರುವ ಸಾಧನವಾ, ಅಥವಾ ಸುಮ್ನೆ ಗೋಡೆಗೆ ಅಂಟಿಸುವ ಅಲಂಕಾರವಾ? ಮಕ್ಕಳ ಹತ್ತಿರ ಫೋನಿಲ್ಲ. ಶಾಲೆಗೆಲ್ಲ ಒಂದೇ ಟಿವಿ, ಅದೂ ಕರೆಂಟ್ ಇದ್ದರೆ. ತರಗತಿಯಲ್ಲಿ ಮಾಡಿ ನೋಡಿದವರು ಇದ್ದರೆ ಹೇಳಿ. ಬೈದರೂ ಪರವಾಗಿಲ್ಲ.

ಒತ್ತಕ್ಷರ_ರಿಪೇರಿ:

ಮೇಷ್ಟ್ರೇ, ನಿಮ್ಮದು ಒಂದು ಕಾಯಿಲೆ ಅಲ್ಲ, ಮೂರು. ನಾನು ಟೀಚರ್ ಅಲ್ಲ, ಸಾಫ್ಟ್‌ವೇರ್ ಕೆಲಸ. ನಮ್ಮಕ್ಕ ಟೀಚರ್, ಅವಳಿಗೆ ಮಾಡಿಕೊಟ್ಟು ಕೈ ಸುಟ್ಟುಕೊಂಡಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲನೆಯದು ನುಡಿ. ಹಳೆಯ ರೀತಿಯಲ್ಲಿ ಟೈಪ್ ಮಾಡಿದರೆ ಕಂಪ್ಯೂಟರ್ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ಆ ಫಾಂಟ್ ಇಲ್ಲದ ಜಾಗಕ್ಕೆ ಹೋದ ಕೂಡಲೇ ವೇಷ ಕಳಚಿ ಬೀಳುತ್ತದೆ. ಮುಂದಿನ ಸಲ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಮಾಡಿಕೊಂಡು ಟೈಪ್ ಮಾಡಿ, ಎರಡು ರಾತ್ರಿ ಉಳಿಯುತ್ತದೆ.

ಎರಡನೆಯದು ಒತ್ತು ಕಳಚುವುದು. ಕನ್ನಡದಲ್ಲಿ ತ ಆದಮೇಲೆ ಇನ್ನೊಂದು ತ ಬಂದರೆ ಅದು ಕೆಳಗೆ ಇಳಿದು ಕೂರಬೇಕು ಅಂತ ಯಾರೋ ಒಬ್ಬರು ತಂತ್ರಾಂಶಕ್ಕೆ ಹೇಳಿರಬೇಕು. ತುಂಬಾ ವರ್ಡ್ ಕ್ಲೌಡ್ ಸೈಟುಗಳಲ್ಲಿ ಆ ಕೆಲಸ ಆಗಿರುವುದಿಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುವವರಿಗೂ ಇದೇ ಗೋಳು. ವರ್ಡ್‌ಕ್ಲೌಡ್ ಅನ್ನುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ) ಜೊತೆಗೆ ಬರುವ ಫಾಂಟಿನಲ್ಲಿ ಕನ್ನಡವೇ ಇಲ್ಲ, ಬರೀ ಚೌಕ ಚೌಕ ಬರುತ್ತದೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟಿನ ದಾರಿ ಕೊಡಬೇಕು. ಚಿತ್ರ ಬರೆಯುವ ಪಿಲ್ಲೋ ಲೈಬ್ರರಿಗೆ ರಾಕ್ಮ್ ಅನ್ನುವ ಸಹಾಯಕನೂ ಇರಬೇಕು. ಅದಿಲ್ಲದಿದ್ದರೆ ಅಕ್ಷರ ಬರುತ್ತದೆ, ಒತ್ತು ಕೂರುವುದಿಲ್ಲ.

ಮೂರನೆಯದು ನನಗೆ ಒಂದು ಇಡೀ ಭಾನುವಾರ ತಿಂದ ಸಮಸ್ಯೆ. ಆ ಲೈಬ್ರರಿ ಬರಹವನ್ನು ಪದಗಳಾಗಿ ಒಡೆಯುವಾಗ ನಮ್ಮ ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಗುರುತನ್ನೂ ಅಕ್ಷರ ಅಂತಲೇ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ಕತ್ತರಿ ಹಾಕುತ್ತದೆ. ‘ಮಕ್ಕಳು’ ಅನ್ನುವುದು ‘ಮಕ’ ಮತ್ತು ‘ಕಳ’ ಆಗಿ ಬರುತ್ತದೆ. ಅಕ್ಕ ಫೋನ್ ಮಾಡಿ, “ಏನೋ ಇದು, ಮಕ ಕಳ ಅಂತ ಬೈತಾ ಇದೆಯಲ್ಲ” ಅಂದಳು. ಕೊನೆಗೆ ನಾನು ಒಡೆಯುವ ಕೆಲಸವನ್ನೇ ಅದರಿಂದ ಕಿತ್ತುಕೊಂಡೆ. ಖಾಲಿ ಜಾಗ ಬಂದ ಕಡೆ ಮಾತ್ರ ಒಡೆದು, ಎಕ್ಸೆಲ್‌ನಲ್ಲಿ ಎಣಿಸಿ, ಪದ ಮತ್ತು ಎಣಿಕೆಯ ಪಟ್ಟಿಯನ್ನೇ ನೇರವಾಗಿ ಕೊಟ್ಟೆ. ಆಗ ಸರಿಹೋಯಿತು.

ಇಷ್ಟೆಲ್ಲ ಆದರೂ ‘ಕೆರೆ, ಕೆರೆಗೆ, ಕೆರೆಯಲ್ಲಿ’ ಬೇರೆ ಬೇರೆಯಾಗಿಯೇ ಬರುತ್ತವೆ. ಅದನ್ನು ಕೈಯಲ್ಲೇ ಸೇರಿಸಬೇಕು. ಇಂಗ್ಲಿಷ್‌ನವರಿಗೆ ಒಂದು ನಾಮಪದಕ್ಕೆ ಎರಡು ಮೂರು ರೂಪ, ನಮಗೆ ಒಂದು ಮನೆತನವೇ ಇದೆ.

ನಿವೃತ್ತ_ಗಣಿತ:

ನಾನು ಬೈಯುವ ಪಂಗಡದವನು. ಕೇಳಿದ್ದೀರಿ, ಹೇಳುತ್ತೇನೆ.

ಅಕ್ಷರದ ಗಾತ್ರದಲ್ಲಿ ಎಣಿಕೆ ತೋರಿಸುವುದು ಹೊಸದೇನಲ್ಲ. 1976ರಲ್ಲೇ ಸ್ಟ್ಯಾನ್ಲಿ ಮಿಲ್‌ಗ್ರಾಂ ಅನ್ನುವ ಮನಶ್ಶಾಸ್ತ್ರಜ್ಞ ಪ್ಯಾರಿಸ್ ನಗರದ ನಕ್ಷೆಯಲ್ಲಿ, ಜನ ಹೆಚ್ಚು ನೆನಪಿಸಿಕೊಂಡ ಜಾಗದ ಹೆಸರನ್ನು ದೊಡ್ಡದಾಗಿ ಬರೆಸಿದ್ದ. ಈಗಿನ ರೂಪ ಜನಪ್ರಿಯವಾದದ್ದು 2008ರಲ್ಲಿ, ಐಬಿಎಂನಲ್ಲಿದ್ದ ಜೊನಾಥನ್ ಫೈನ್‌ಬರ್ಗ್ ಮಾಡಿದ ವರ್ಡಲ್ ಎಂಬ ತಾಣದಿಂದ. ಅದು ಜಾವಾ ಆಪ್ಲೆಟ್ ಮೇಲೆ ನಡೆಯುತ್ತಿತ್ತು, ಬ್ರೌಸರ್‌ಗಳು ಅದನ್ನು ಕೈಬಿಟ್ಟ ಮೇಲೆ ನಿಂತುಹೋಯಿತು. ಈಗ ಆ ಹೆಸರು ಹುಡುಕಿದರೆ ಐದಕ್ಷರದ ಆಟ ಬರುತ್ತದೆ, ಅದೇ ಬೇರೆ ಇದೇ ಬೇರೆ. ನ್ಯೂಯಾರ್ಕ್ ಟೈಮ್ಸ್‌ನಲ್ಲಿದ್ದ ಜೇಕಬ್ ಹ್ಯಾರಿಸ್ 2011ರಲ್ಲೇ ಇದು ಹಾನಿಕರ ಅಂತ ಬರೆದಿದ್ದರು. ಅವರು ಹೇಳಿದ್ದು ಸುದ್ದಿಮನೆಗೆ, ಆದರೆ ತರಗತಿಗೂ ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ.

ಯಾಕೆ ಅಂದರೆ ಇದು ಅಳತೆಯಲ್ಲಿ ಮೋಸ ಮಾಡುತ್ತದೆ. ‘ಕೋಡಿ’ ಮತ್ತು ‘ಗುಡ್ಡದಬುಡ’ ಎರಡೂ ಹತ್ತು ಹತ್ತು ಸಲ ಬಂದಿವೆ ಅನ್ನಿ. ಅಕ್ಷರದ ಎತ್ತರ ಒಂದೇ ಆದರೂ ಉದ್ದದ ಪದ ಹೆಚ್ಚು ಜಾಗ ಹಿಡಿದು ಕಣ್ಣಿಗೆ ಹೊಡೆಯುತ್ತದೆ. ಬಣ್ಣಕ್ಕೆ ಸಾಮಾನ್ಯವಾಗಿ ಅರ್ಥವೇ ಇಲ್ಲ. ಯಾವ ಪದ ಯಾವುದರ ಪಕ್ಕ ಬಂತು ಅನ್ನುವುದಕ್ಕೂ ಅರ್ಥ ಇಲ್ಲ, ಜಾಗ ಸಿಕ್ಕಲ್ಲಿ ತುರುಕುತ್ತದೆ. ಆರನೇ ಕ್ಲಾಸಿನ ಹುಡುಗ ಹಾಕುವ ಸ್ತಂಭಾಲೇಖ ಇದಕ್ಕಿಂತ ಪ್ರಾಮಾಣಿಕ.

ಇನ್ನೂ ಒಂದಿದೆ, ಅದು ಅಪಾಯದ್ದು. ‘ಮತ್ತು’ ತೆಗೆಯಬೇಕು ಅಂತ ಬೇಡದ ಪದಗಳ ಪಟ್ಟಿ ಕೊಡುತ್ತೀರಲ್ಲ, ಅದರಲ್ಲಿ ‘ಇದೆ, ಇತ್ತು, ಇಲ್ಲ’ ಎಲ್ಲ ಒಟ್ಟಿಗೆ ಹೋಗುತ್ತವೆ. ನಿಮ್ಮ ಮಕ್ಕಳು ಕೆರೆಯಲ್ಲಿ ನೀರು ಇಲ್ಲ ಅಂತ ಬರೆದಿದ್ದರೆ? ಇಲ್ಲ ಹೋಯಿತು, ನೀರು ಉಳಿಯಿತು. ಮೋಡ ನೋಡಿದವರು ಕೆರೆ ತುಂಬಿದೆ ಅಂದುಕೊಳ್ಳುತ್ತಾರೆ.

ಕೆರೆದಂಡೆ_ಮೇಷ್ಟ್ರು:

ಸರ್, ನಿಮ್ಮ ಕೊನೆಯ ಮಾತು ಓದಿ ಪುಸ್ತಕಗಳ ಕಟ್ಟು ಬಿಚ್ಚಿ ನೋಡಿದೆ. ನೀವು ಹೇಳಿದ್ದೇ ಆಗಿದೆ. ಕಂಪ್ಯೂಟರ್ ಗೊತ್ತಿರುವ ಆ ಸರ್ ಎರಡನೇ ಸಲ ‘ಮತ್ತು, ಇದೆ, ಇಲ್ಲ’ ತೆಗೆದು ಕೊಟ್ಟಾಗ ‘ನೀರು’ ದಪ್ಪಕ್ಕೆ ಬಂದಿತ್ತು. ನನಗೆ ಖುಷಿಯೂ ಆಗಿತ್ತು. ಮಕ್ಕಳ ಬರಹ ನೋಡಿದರೆ “ಮೊದಲು ನೀರು ಇತ್ತು, ಈಗ ನೀರು ಇಲ್ಲ” ಅನ್ನುವವರೇ ಜಾಸ್ತಿ. ಇನ್ನು ಕೆಲವರು ‘ನೀರಿಲ್ಲ’ ಅಂತ ಸೇರಿಸಿ ಬರೆದಿದ್ದಾರೆ, ಅದು ಮಾತ್ರ ಬಲಗಡೆ ಸಣ್ಣದಾಗಿ ಉಳಿದಿದೆ. ಒಂದೇ ಮೋಡದಲ್ಲಿ ದೊಡ್ಡ ‘ನೀರು’, ಸಣ್ಣ ‘ನೀರಿಲ್ಲ’. ಲೋಪಸಂಧಿ ಮಾಡಿದವರ ಮಾತು ಉಳಿಯಿತು, ಬಿಡಿಸಿ ಬರೆದವರದ್ದು ಉಲ್ಟಾ ಆಯಿತು.

ಹಸಿರೆಲೆ_ಮೇಡಂ:

ಗಣಿತ ಸರ್ ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೂ ನಾನು ಬಿಟ್ಟಿಲ್ಲ. ನಾನು ವಿಜ್ಞಾನದವಳು. ಬರಹ ಕೊಟ್ಟು ಮೋಡ ಮಾಡಿಸುವುದಿಲ್ಲ. ಪಾಠ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ, ಒಬ್ಬೊಬ್ಬರಿಂದ ಒಂದೇ ಪದ ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ. ಫೋನ್ ಬೇಡ, ಇಂಟರ್ನೆಟ್ ಬೇಡ. ಪಟ್ಟಣದ ಶಾಲೆಯಲ್ಲಿದ್ದಾಗ ಮೆಂಟಿಮೀಟರ್ ಅನ್ನುವ ಆನ್‌ಲೈನ್ ಸಾಧನ ಬಳಸಿ ನೋಡಿದ್ದೆ. ಮಕ್ಕಳು ಫೋನಿನಲ್ಲಿ ಟೈಪ್ ಮಾಡಿದ ಹಾಗೆ ಪರದೆ ಮೇಲೆ ಪದ ಬೆಳೆಯುವುದು ನೋಡಲು ಚೆಂದವೇ. ಆದರೆ ಹೆಸರಿಲ್ಲದೆ ಬರೆಯಬಹುದು ಅಂತ ಗೊತ್ತಾದ ಮೂರನೇ ನಿಮಿಷಕ್ಕೆ ಹೆಡ್ ಮೇಷ್ಟ್ರ ಅಡ್ಡಹೆಸರು ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದಿತ್ತು. ಪಕ್ಕದಲ್ಲೇ ಅವರೂ ನಿಂತಿದ್ದರು. ಆಮೇಲೆ ಚೀಟಿಗೆ ವಾಪಸ್ ಬಂದೆ.

ಒಂದು ಉದಾಹರಣೆ ಹೇಳುತ್ತೇನೆ. ದ್ಯುತಿಸಂಶ್ಲೇಷಣೆ ಪಾಠಕ್ಕೆ ಮುಂಚೆ “ಇಷ್ಟು ದೊಡ್ಡ ಹುಣಸೆಮರದ ತೂಕ ಎಲ್ಲಿಂದ ಬಂತು?” ಅಂತ ಕೇಳಿದೆ. ಚೀಟಿ ಎಣಿಸಿ ಬೋರ್ಡ್ ಮೇಲೆ ಬರೆದರೆ ನಡುವೆ ‘ಮಣ್ಣು’ ಆನೆ ಗಾತ್ರ. ‘ಗೊಬ್ಬರ’, ‘ನೀರು’ ಆಮೇಲೆ. ‘ಗಾಳಿ’ ಅಂತ ಒಬ್ಬರೂ ಬರೆದಿರಲಿಲ್ಲ. ಅಂದರೆ ನಾನು ಎಲ್ಲಿಂದ ಶುರು ಮಾಡಬೇಕು ಅಂತ ಬೋರ್ಡೇ ಹೇಳಿತು. ಅವತ್ತು ಪಠ್ಯ ಬದಿಗಿಟ್ಟು ವ್ಯಾನ್ ಹೆಲ್ಮಾಂಟ್ ಕಥೆ ಹೇಳಿದೆ. ಬ್ರಸೆಲ್ಸ್ ಕಡೆಯವನು, 1600ರ ದಶಕಗಳಲ್ಲಿ ಇದ್ದವನು. ಹೆಚ್ಚು ಕಡಿಮೆ 90 ಕೆಜಿ ಒಣಮಣ್ಣು ಕುಂಡಕ್ಕೆ ಹಾಕಿ, ಎರಡು ಚಿಲ್ಲರೆ ಕೆಜಿಯ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 76 ಕೆಜಿ ಆಸುಪಾಸಿಗೆ ಬಂತು. ಮಣ್ಣು ಒಣಗಿಸಿ ತೂಗಿದರೆ ಕಡಿಮೆಯಾದದ್ದು ಸುಮಾರು 57 ಗ್ರಾಂ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಾಗಾದರೆ ಎಲ್ಲ ನೀರಿನಿಂದಲೇ ಅಂದುಕೊಂಡ ಅವನು, ಅದೂ ತಪ್ಪೇ. ಆ ತಪ್ಪೇ ನನಗೆ ಮರುದಿನದ ಪಾಠ ಆಯಿತು.

ಹತ್ತು ದಿನ ಆದಮೇಲೆ ಅದೇ ಪ್ರಶ್ನೆ, ಮತ್ತೆ ಚೀಟಿ. ‘ಇಂಗಾಲದ ಡೈಆಕ್ಸೈಡ್’ ದೊಡ್ಡದಾಗಿ ಬಂತು. ಯಂತ್ರಕ್ಕೆ ಕೊಟ್ಟರೆ ಇದು ‘ಇಂಗಾಲದ’ ಒಂದು ಕಡೆ, ‘ಡೈಆಕ್ಸೈಡ್’ ಇನ್ನೊಂದು ಕಡೆ ಆಗುತ್ತದೆ, ಗ್ಯಾಪ್ ಬಿಡದೆ ಟೈಪ್ ಮಾಡಿ. ‘ಮಣ್ಣು’ ಕುಗ್ಗಿತ್ತು, ಆದರೆ ಹೋಗಿರಲಿಲ್ಲ. ಆರು ಚೀಟಿ. ಮಾರ್ಕ್ಸ್‌ಕಾರ್ಡಿನಲ್ಲಿ ನನಗೆ ಈ ಆರು ಜನ ಯಾವತ್ತೂ ಕಾಣಿಸಿರಲಿಲ್ಲ, ಯಾಕಂದರೆ ಪರೀಕ್ಷೆಯಲ್ಲಿ ಸಮೀಕರಣ ಎಲ್ಲರೂ ಬರೆಯುತ್ತಾರೆ.

ಪಿಯು_ಕನ್ನಡದವ:

ಕೆರೆದಂಡೆ ಸರ್, ನಿಮ್ಮ ಮಟ್ಟಕ್ಕೆ ಆಗುತ್ತೋ ಇಲ್ಲವೋ, ನಾನು ಪಿಯುಸಿ ಮಕ್ಕಳಿಗೆ ವಚನದಲ್ಲಿ ಮಾಡಿಸುತ್ತೇನೆ. ಒಬ್ಬೊಬ್ಬ ವಚನಕಾರರ ಹತ್ತಿಪ್ಪತ್ತು ವಚನ ಕೊಟ್ಟು ಮೋಡ ಮಾಡಿಸಿದರೆ ಯಾವುದು ದೊಡ್ಡದಾಗಿ ಬರುತ್ತೆ ಅಂತ ನಿಮಗೇ ಗೊತ್ತು, ಅಂಕಿತ. ಹೆಚ್ಚು ಕಡಿಮೆ ಪ್ರತಿ ವಚನದ ಕೊನೆಗೂ ಬರುವ ಪದ ಅದು, ಬರದೆ ಎಲ್ಲಿ ಹೋಗುತ್ತದೆ. ಕೂಡಲಸಂಗಮದೇವ ಕಂಡರೆ ಬಸವಣ್ಣ, ಗುಹೇಶ್ವರ ಕಂಡರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಕಂಡರೆ ಅಕ್ಕ. ಅಷ್ಟಕ್ಕೆ ನಿಲ್ಲಿಸಿದರೆ ಇದು ಪರೀಕ್ಷೆಯ ಒಂದು ಅಂಕದ ಪ್ರಶ್ನೆ.

ಅದಕ್ಕೇ ಎರಡನೇ ಸುತ್ತು. ಅಂಕಿತದ ಮೇಲೆ ಕಾಗದ ಅಂಟಿಸಿ, ಉಳಿದ ಪದ ನೋಡಿ ಯಾರದ್ದು ಹೇಳಿ ಅನ್ನುತ್ತೇನೆ. ಆಗ ಜಗಳ ಶುರು. ಒಂದು ಸಲ ಅಂಬಿಗರ ಚೌಡಯ್ಯನವರದ್ದು ಕೊಟ್ಟಿದ್ದೆ. ಅವರಿಗೆ ಅವರ ಹೆಸರೇ ಅಂಕಿತ. ಆದರೆ ವಚನದಲ್ಲಿ ಅದು ‘ಎಂದನಂಬಿಗ ಚೌಡಯ್ಯ’ ಅಂತ ಬರುತ್ತದೆ. ಒಬ್ಬಳು “ಎಂದನಂಬಿಗ ಅಂದ್ರೆ ಯಾರು ಸರ್, ಯಾವ ದೇವರು?” ಅಂದಳು. ಎಂದನು ಅಂಬಿಗ ಅಂತ ಬಿಡಿಸಿ ತೋರಿಸಿದಾಗ ಅವಳೇ ಜೋರಾಗಿ ನಕ್ಕಳು. ಸಂಧಿ ಬಿಡಿಸುವುದನ್ನು ನಾನು ವರ್ಷಗಟ್ಟಲೆ ಬೋರ್ಡ್ ಮೇಲೆ ಬರೆದಿದ್ದೇನೆ, ಯಾರೂ ನಕ್ಕಿರಲಿಲ್ಲ.

ಹಾಗಾಗಿ ನಿಮ್ಮ ‘ಕೆರೆ, ಕೆರೆಗೆ, ಕೆರೆಯಲ್ಲಿ’ ಇದೆಯಲ್ಲ, ಅದನ್ನು ಕಂಪ್ಯೂಟರಿಗೆ ರಿಪೇರಿ ಮಾಡಲು ಕೊಡಬೇಡಿ. ಮಕ್ಕಳಿಗೆ ಕೊಡಿ. ವಿಭಕ್ತಿ ಪ್ರತ್ಯಯ ಕಲಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಯಂತ್ರಕ್ಕೆ ಗೊತ್ತಾಗದ್ದು ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳಿ ನೋಡಿ.

ಚಪ್ಪರದ_ಟೀಚರ್:

ನಾನು ನಲಿಕಲಿ ಟೀಚರ್, ಒಂದರಿಂದ ಮೂರು. ನಮ್ಮ ತರಗತಿಯ ಚಪ್ಪರದಲ್ಲಿ ಮಕ್ಕಳು ಬರೆದದ್ದು ನೇತಾಡುತ್ತಾನೇ ಇರುತ್ತೆ, ಹಾಗಾಗಿ ನನಗೆ ಇದು ಹೊಸದು ಅನಿಸಲಿಲ್ಲ. ಸರ್, ಟೈಪ್ ಮಾಡೋದು ಬಿಟ್ಟುಬಿಡಿ. ಹುಣಸೆಬೀಜ ತರಿಸಿ. ಒಂದು ಸಲ ಪದ ಬಂದರೆ ಒಂದು ಬೀಜ. ಪ್ರತಿ ಪದಕ್ಕೂ ಒಂದು ಗುಡ್ಡೆ. ಕೊನೆಗೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಬೀಜ ಎಷ್ಟೋ ಅಕ್ಷರ ಅಷ್ಟು ಮಿಲಿಮೀಟರ್ ಎತ್ತರ ಅಂತ ಬರೆಸಿ. ಗಣಿತ ಸರ್‌ಗೂ ಸಮಾಧಾನ ಆಗುತ್ತೆ, ಸ್ಕೇಲ್ ಹಿಡಿಯುತ್ತಾರಲ್ವಾ.

ನಿವೃತ್ತ_ಗಣಿತ:

ಅರ್ಧ ಸಮಾಧಾನ. ಪಕ್ಕದಲ್ಲಿ ಸಂಖ್ಯೆಯನ್ನೂ ಬರೆಸಿ.

ಕೆರೆದಂಡೆ_ಮೇಷ್ಟ್ರು:

ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ಹೋದ ಶನಿವಾರ ಮಾಡಿದೆವು. ಎರಡು ಪಿರಿಯಡ್ ಅಂದುಕೊಂಡಿದ್ದೆ, ಬಿಸಿಯೂಟದ ಗಂಟೆ ಹೊಡೆದರೂ ಏಳಲಿಲ್ಲ.

ಆರು ಗುಂಪು, ಗುಂಪಿಗೆ ಐದಾರು ಜನರ ಬರಹ. ಒಬ್ಬ ಓದುವುದು, ಇನ್ನೊಬ್ಬ ಬೀಜ ಹಾಕುವುದು. ‘ಮತ್ತು’ವಿಗೆ ಬೀಜ ಹಾಕಬೇಕಾ ಅಂತ ಮೊದಲ ಪ್ರಶ್ನೆ ಬಂತು. ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಹಾಕಿದರು, ಗುಡ್ಡೆ ಬೆಳೆಯುತ್ತಾ ಹೋಯಿತು. ಆಮೇಲೆ ಅವರೇ “ಇದು ಏನೂ ಹೇಳಲ್ಲ ಸಾರ್” ಅಂತ ತೆಗೆದರು. ‘ಇಲ್ಲ’ವನ್ನೂ ತೆಗೆಯಲು ಹೊರಟರು. ಆಗ ‘ಇಲ್ಲ’ ತೆಗೆದಿದ್ದ ಎರಡನೇ ಮೋಡವನ್ನು ಟಿವಿಯಲ್ಲಿ ತೋರಿಸಿ, ಇದನ್ನು ನೋಡಿದ ಬೇರೆ ಊರಿನವನು ನಮ್ಮ ಕೆರೆ ಬಗ್ಗೆ ಏನು ಅಂದುಕೊಳ್ಳುತ್ತಾನೆ ಅಂತ ಕೇಳಿದೆ. ಒಬ್ಬ “ಎಮ್ಮೆ ಹೊಡ್ಕೊಂಡು ಬರ್ತಾನೆ ಸಾರ್” ಅಂದ. ಕೊನೆಗೆ ‘ನೀರು ಇದೆ, ಇತ್ತು’ ಎಲ್ಲ ನೀಲಿ ಸ್ಕೆಚ್ ಪೆನ್ನಿನಲ್ಲಿ, ‘ನೀರು ಇಲ್ಲ’ ಮತ್ತು ‘ನೀರಿಲ್ಲ’ ಒಟ್ಟಿಗೆ ಕೆಂಪಿನಲ್ಲಿ ಅಂತ ತೀರ್ಮಾನ ಆಯಿತು. ಬಣ್ಣಕ್ಕೆ ಅರ್ಥ ಬಂತು ಗಣಿತ ಸರ್. ಕೆಂಪು ಎತ್ತರ ಇದೆ.

ದೊಡ್ಡ ಜಗಳ ‘ಕೆರೆಕೋಡಿ’ಗೆ. ಅದರ ಬೀಜ ಕೆರೆ ಗುಡ್ಡೆಗೆ ಹೋಗಬೇಕೋ, ಕೋಡಿ ಗುಡ್ಡೆಗೋ? ‘ಕೆರೆಗೆ’ ಬಂದಾಗ ಯಾರೂ ತಕರಾರು ಮಾಡಿರಲಿಲ್ಲ, ‘ಕೆರೆಯಿಂದ’ಕ್ಕೂ ಇಲ್ಲ. ಒಬ್ಬಳು ಎದ್ದು ನಿಂತು “ಗೆ, ಇಂದ ಅನ್ನೋದು ಒಂಟಿಯಾಗಿ ನಿಲ್ಲಲ್ಲ, ಕೋಡಿ ನಿಲ್ಲುತ್ತೆ” ಅಂದಳು. ಪ್ರತ್ಯಯಕ್ಕೂ ಸಮಾಸಕ್ಕೂ ಇರುವ ವ್ಯತ್ಯಾಸವನ್ನು ನಾನು ಇಷ್ಟು ಚುಟುಕಾಗಿ ಯಾವತ್ತೂ ಹೇಳಿಲ್ಲ. ‘ಕೆರೆಕೋಡಿ’ಗೆ ಬೇರೆಯೇ ಗುಡ್ಡೆ ಹಾಕಿದರು. ಕೆರೆ ಗುಡ್ಡೆಯಲ್ಲಿ 61 ಬೀಜ, ಆರು ಸೆಂಟಿಮೀಟರ್ ಚಿಲ್ಲರೆ ಎತ್ತರ. ಪಕ್ಕದಲ್ಲಿ ಸಂಖ್ಯೆಯನ್ನೂ ಬರೆಸಿದ್ದೇನೆ.

ತೊಂದರೆ ಆಗಿದ್ದು ಸಣ್ಣ ಪದಗಳಿಂದ. ‘ತೂಬು’ ಇಬ್ಬರು ಬರೆದಿದ್ದರು, ಇಬ್ಬರ ಮನೆಯದ್ದೂ ಕೆರೆ ಕೆಳಗಿನ ಗದ್ದೆ. ‘ಹೂಳು’ ಮೂವರು. ‘ಒತ್ತುವರಿ’ ಒಬ್ಬಳೇ. ಅವಳು ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಒಂದು ಬೀಜ ಅಂದರೆ ಒಂದು ಮಿಲಿಮೀಟರ್, ಅಷ್ಟು ಸಣ್ಣಕ್ಕೆ ಬರೆಯುವುದು ಹೇಗೆ? ಬಿಟ್ಟುಬಿಡೋಣ ಅಂತ ಗುಂಪಿನವರು ಅಂದರು. ಅವಳು ಒಪ್ಪಲಿಲ್ಲ. ನೀರು ಯಾಕೆ ಇಲ್ಲ ಅಂತ ಬರೆದವಳು ನಾನೊಬ್ಬಳೇ ಅಲ್ವಾ ಸಾರ್ ಅಂದಳು. ಕೊನೆಗೆ ಆ ಹುಣಸೆಬೀಜವನ್ನೇ ಗೋಂದು ಹಾಕಿ ಹಾಳೆಗೆ ಅಂಟಿಸಿದರು, ಕೆಂಪು ‘ನೀರಿಲ್ಲ’ದ ಪಕ್ಕ. ನೋಡಿದವರೆಲ್ಲ ಇದೇನು ಬೀಜ ಅಂತ ಕೇಳುತ್ತಾರೆ, ಅವಳೇ ಹೇಳುತ್ತಾಳೆ. ನಿನ್ನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಬಂದವರೂ ಕೇಳಿದರು. ಅವಳು ಅವರಿಗೂ ಹೇಳಿದಳು.

ಹಸಿರೆಲೆ_ಮೇಡಂ:

ಸರ್, ಆ ಹಾಳೆಯನ್ನು ಎತ್ತರಕ್ಕೆ ಕಟ್ಟಿ. ನಮ್ಮಲ್ಲಿ ಬೀಜ ಅಂಟಿಸಿದ್ದ ಚಾರ್ಟನ್ನು ದಸರಾ ರಜೆಯಲ್ಲಿ ಇಲಿ ಪೂರ್ತಿ ಮುಗಿಸಿತ್ತು.